ನೆನಪು ತರುವ ‘ಬ್ರಿಂಗ್ ಬ್ಯಾಕ್’: ಎಲ್ಲಿ, ಹೇಗೆ ಬಳಸಬೇಕು, ಎಲ್ಲಿ ಎಡವುತ್ತೇವೆ

‘ಆ ಹಾಡು ಕೇಳಿ ನನಗೆ ಶಾಲೆಯ ದಿನಗಳು ನೆನಪಾದವು.’ ಇಷ್ಟು ಸರಳವಾದ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕಾದಾಗ ಹೆಚ್ಚಿನವರು ‘ರಿಮೆಂಬರ್’ ಎಂಬ ಒಂದೇ ಪದಕ್ಕೆ ಜೋತುಬೀಳುತ್ತಾರೆ: ‘ಐ ರಿಮೆಂಬರ್ಡ್ ಮೈ ಸ್ಕೂಲ್ ಡೇಸ್ ಬೈ ಹಿಯರಿಂಗ್ ದಟ್ ಸಾಂಗ್.’ ಹೇಳಿದ್ದು ಎದುರಿನವರಿಗೆ ತಿಳಿಯುತ್ತದೆ. ಆದರೆ ಇಂಗ್ಲಿಷ್ ಮನೆಮಾತಿನವರು ಹೀಗೆ ಹೇಳುವುದಿಲ್ಲ. ಅವರು ಹೇಳುವುದು ‘ದಟ್ ಸಾಂಗ್ ಬ್ರಾಟ್ ಬ್ಯಾಕ್ ಮೈ ಸ್ಕೂಲ್ ಡೇಸ್.’

‘ಬ್ರಿಂಗ್ ಬ್ಯಾಕ್’ ಅನ್ನು ಹೇಗೆ ಬಳಸುವುದು ಎಂಬುದೇ ಈ ಬರಹದ ವಿಷಯ. ಜೊತೆಗೆ ಅದರ ಜಾಗಕ್ಕೆ ತಪ್ಪಾಗಿ ಬಂದು ಕೂರುವ ಕೆಲವು ನೆರೆಯ ಪ್ರಯೋಗಗಳನ್ನೂ ನೋಡೋಣ.

ನೆನಪಿನ ಮೂರು ವಾಕ್ಯಗಳು

ಇಂಗ್ಲಿಷಿಗೆ ಹೋಗುವ ಮೊದಲು ಕನ್ನಡದ ಮೂರು ವಾಕ್ಯಗಳನ್ನು ಗಮನಿಸಿ. ‘ನನಗೆ ಅದು ನೆನಪಾಯಿತು.’ ‘ನಾನು ಅದನ್ನು ನೆನಪಿಸಿಕೊಂಡೆ.’ ‘ಆ ಹಾಡು ಅದರ ನೆನಪು ತಂದಿತು.’ ಮೊದಲನೆಯದರಲ್ಲಿ ನೆನಪು ತಾನಾಗಿಯೇ ಬಂತು, ನಾನು ಏನೂ ಮಾಡಲಿಲ್ಲ. ಎರಡನೆಯದರಲ್ಲಿ ನಾನೇ ಮನಸ್ಸಿಟ್ಟು ಹಿಂದಕ್ಕೆ ಹೋದೆ. ಮೂರನೆಯದರಲ್ಲಿ ಹೊರಗಿನ ಒಂದು ವಸ್ತು ನೆನಪನ್ನು ಎಬ್ಬಿಸಿತು.

ಇಂಗ್ಲಿಷಿನಲ್ಲೂ ಈ ಮೂರಕ್ಕೆ ಬೇರೆ ಬೇರೆ ಫ್ರೇಸಲ್ ವರ್ಬ್‌ಗಳಿವೆ, ಅಂದರೆ ಕ್ರಿಯಾಪದಕ್ಕೆ ‘ಬ್ಯಾಕ್’, ‘ಅಪ್’ನಂಥ ಪುಟ್ಟ ಪದ ಸೇರಿ ಒಂದೇ ಅರ್ಥ ಕೊಡುವ ಜೋಡಿಗಳು. ನೆನಪೇ ಕರ್ತೃವಾದರೆ ‘ಕಮ್ ಬ್ಯಾಕ್’. ಮನುಷ್ಯ ಕರ್ತೃವಾದರೆ ‘ಥಿಂಕ್ ಬ್ಯಾಕ್’ ಅಥವಾ ‘ಲುಕ್ ಬ್ಯಾಕ್’. ನೆನಪು ಎಬ್ಬಿಸಿದ ವಸ್ತು ಕರ್ತೃವಾದರೆ ‘ಬ್ರಿಂಗ್ ಬ್ಯಾಕ್’. ವಾಕ್ಯದಲ್ಲಿ ಕರ್ತೃ ಯಾರು ಎಂದು ಮೊದಲು ಕೇಳಿಕೊಳ್ಳಿ. ಕ್ರಿಯಾಪದ ಯಾವುದು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಕರ್ತೃ ಅದಲುಬದಲಾಗಿ ಆಗುವಂಥವೇ.

ತೊಡಕು ಬರುವುದಕ್ಕೆ ಕಾರಣವೂ ಇದೆ. ಕನ್ನಡದಲ್ಲಿ ನೆನಪು ಎಬ್ಬಿಸಿದ ವಸ್ತು ಕಣ್ಣೆದುರೇ ಇದ್ದರೂ ನಾವು ಅದನ್ನು ಕರ್ತೃ ಮಾಡುವುದು ಕಡಿಮೆ. ‘ಕೇಳಿ’, ‘ನೋಡಿ’, ‘ಓದಿ’ ಎಂದು ಅದನ್ನು ಬದಿಗೆ ಸರಿಸಿ, ‘ನನಗೆ’ ಎಂದು ಚತುರ್ಥಿಯಲ್ಲಿ ಮನುಷ್ಯನನ್ನು ತಂದು, ‘ನೆನಪಾಯಿತು’ ಎಂದು ಮುಗಿಸುತ್ತೇವೆ. ಇಂಗ್ಲಿಷ್ ಇದೇ ಸಂದರ್ಭದಲ್ಲಿ ಆ ವಸ್ತುವನ್ನೇ ವಾಕ್ಯದ ತಲೆಗೆ ತರುತ್ತದೆ.

ವಾಕ್ಯ ಕಟ್ಟುವ ಕ್ರಮ

‘ಹಳೆಯ ಫೋಟೊ ನೋಡಿ ನನಗೆ ಆ ಪ್ರವಾಸ ನೆನಪಾಯಿತು’ ಎಂಬುದನ್ನು ತೆಗೆದುಕೊಳ್ಳಿ. ಮೊದಲು ನೆನಪು ಎಬ್ಬಿಸಿದ್ದು ಯಾವುದೆಂದು ಹುಡುಕಿ: ಹಳೆಯ ಫೋಟೊ. ಅದನ್ನು ಕರ್ತೃವಾಗಿ ಮೊದಲಿಗೆ ಇಡಿ: ‘ದಿ ಓಲ್ಡ್ ಫೋಟೊ.’ ಆಮೇಲೆ ‘ಬ್ರಾಟ್ ಬ್ಯಾಕ್’ ಸೇರಿಸಿ. ಕೊನೆಯಲ್ಲಿ ಏನು ನೆನಪಾಯಿತೋ ಅದನ್ನು ಇಡಿ: ‘ಮೆಮೊರೀಸ್ ಆಫ್ ದಟ್ ಟ್ರಿಪ್.’ ಪೂರ್ತಿ ವಾಕ್ಯ ‘ದಿ ಓಲ್ಡ್ ಫೋಟೊ ಬ್ರಾಟ್ ಬ್ಯಾಕ್ ಮೆಮೊರೀಸ್ ಆಫ್ ದಟ್ ಟ್ರಿಪ್.’

‘ನನಗೆ’ ಎಲ್ಲಿ ಹೋಯಿತು? ಬಿಟ್ಟುಹೋಯಿತು, ಬಿಡಲೇಬೇಕು. ಯಾರ ನೆನಪು ಎಂಬುದು ಸಂದರ್ಭದಿಂದ ಗೊತ್ತಾಗುತ್ತದೆ. ಬೇರೆಯವರಿಗಲ್ಲ, ನನಗೇ ಎಂದು ಒತ್ತಿ ಹೇಳಬೇಕಿದ್ದರೆ ಮಾತ್ರ ಕೊನೆಯಲ್ಲಿ ‘ಫಾರ್ ಮಿ’ ಸೇರಿಸಬಹುದು. ‘ದ ಫೋಟೊ ಬ್ರಾಟ್ ಮಿ ಬ್ಯಾಕ್ ಮೆಮೊರೀಸ್’ ಎಂದು ನಡುವೆ ‘ಮಿ’ ತುರುಕಿದರೆ ವಾಕ್ಯ ಹಳಿ ತಪ್ಪುತ್ತದೆ. ಅಂಥ ರಚನೆ ಇಂಗ್ಲಿಷಿನಲ್ಲಿ ಇಲ್ಲವೆಂದಲ್ಲ. ‘ಬ್ರಿಂಗ್ ಮಿ ಬ್ಯಾಕ್ ಎ ಪೆನ್’ ಸರಿ. ಆದರೆ ಅದು ಪೆನ್ನು ತಂದುಕೊಡುವ ಮಾತು, ನೆನಪಿನದಲ್ಲ.

ನೆನಪು ಎಬ್ಬಿಸಿದ್ದು ವಸ್ತುವಲ್ಲ, ಒಂದು ಕೆಲಸ ಎಂದಾದರೆ? ‘ಆ ರಸ್ತೆಯಲ್ಲಿ ನಡೆದಾಗ ಎಲ್ಲ ನೆನಪಾಯಿತು’ ಎಂಬಲ್ಲಿ ನಡೆದದ್ದೇ ಕಾರಣ. ಆಗ ಆ ಕೆಲಸಕ್ಕೆ ‘ಇಂಗ್’ ರೂಪ ಕೊಟ್ಟು ಅದನ್ನೇ ಕರ್ತೃ ಮಾಡಿ: ‘ವಾಕಿಂಗ್ ಡೌನ್ ದಟ್ ರೋಡ್ ಬ್ರಾಟ್ ಇಟ್ ಆಲ್ ಬ್ಯಾಕ್.’ ನಮ್ಮ ‘ಕೇಳಿ, ನೋಡಿ, ಓದಿ, ನಡೆದು’ ಎಂಬ ರೂಪಗಳೆಲ್ಲ ಇಂಗ್ಲಿಷಿಗೆ ಹೀಗೆ ಸಲೀಸಾಗಿ ಇಳಿಯುತ್ತವೆ: ‘ಹಿಯರಿಂಗ್ ಹಿಸ್ ವಾಯ್ಸ್ ಬ್ರಾಟ್ ಬ್ಯಾಕ್…’, ‘ಸೀಯಿಂಗ್ ಹರ್ ಬ್ರಾಟ್ ಬ್ಯಾಕ್…’, ‘ರೀಡಿಂಗ್ ದ ಡೈರಿ ಬ್ರಾಟ್ ಬ್ಯಾಕ್…’.

ಇಲ್ಲಿ ಒಂದು ಗುಂಡಿ ಇದೆ. ‘ಹಿಯರಿಂಗ್ ದಟ್ ಸಾಂಗ್’ ಆದ ಮೇಲೆ ಕಾಮಾ ಹಾಕಿ ‘ಮೈ ಸ್ಕೂಲ್ ಡೇಸ್ ಕೇಮ್ ಬ್ಯಾಕ್’ ಎಂದು ಬರೆದರೆ, ಹಾಡು ಕೇಳಿದ್ದು ಶಾಲೆಯ ದಿನಗಳು ಎಂಬ ಅರ್ಥ ಹೊರಡುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲಿಗೆ ಬರುವ ‘ಇಂಗ್’ ಭಾಗ ಮುಂದಿನ ಕರ್ತೃವಿಗೇ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ‘ನನಗೆ’ ಇರುವುದರಿಂದ ಕೇಳಿದವರು ಯಾರೆಂಬ ಗೊಂದಲವಿಲ್ಲ. ಕಾಮಾ ತೆಗೆದು, ‘ಕೇಮ್ ಬ್ಯಾಕ್’ ಬದಲು ‘ಬ್ರಾಟ್ ಬ್ಯಾಕ್’ ಹಾಕಿ ಪದಗಳ ಕ್ರಮ ಬದಲಿಸಿದರೆ ಸರಿಹೋಗುತ್ತದೆ.

ಮನುಷ್ಯ ಎಂದೂ ಕರ್ತೃವಾಗಬಾರದೆ? ಆಗಬಹುದು, ಆದರೆ ಬೇರೆಯವರ ನೆನಪನ್ನು ಎಬ್ಬಿಸಿದವನಾಗಿ ಮಾತ್ರ. ಯಾರದೋ ನೋವಿನ ವಿಷಯ ಕೇಳಿಬಿಟ್ಟಾಗ ‘ಸಾರಿ, ಐ ಡಿಡಂಟ್ ಮೀನ್ ಟು ಬ್ರಿಂಗ್ ಬ್ಯಾಕ್ ಬ್ಯಾಡ್ ಮೆಮೊರೀಸ್’ ಎನ್ನುವುದು ಸಹಜ. ತನ್ನದೇ ನೆನಪಿನ ಬಗ್ಗೆ ‘ಐ ಬ್ರಾಟ್ ಬ್ಯಾಕ್ ಮೈ ಚೈಲ್ಡ್‌ಹುಡ್’ ಎನ್ನಲಾಗದು. ಹಾಗೆಯೇ ಮರೆತ ಹೆಸರನ್ನು ನೆನಪಿಸಿಕೊಳ್ಳಲು ಹೆಣಗಾಡುವಾಗ ‘ಐ ಕಾಂಟ್ ಬ್ರಿಂಗ್ ಬ್ಯಾಕ್ ಹಿಸ್ ನೇಮ್’ ಎನ್ನುವುದಿಲ್ಲ. ಅಲ್ಲಿ ‘ರಿಮೆಂಬರ್’ ಅಥವಾ ‘ರಿಕಾಲ್’ ಸಾಕು.

ಕರ್ಮವಾಗಿ ಏನನ್ನು ಇಡಬಹುದು

‘ಮೆಮೊರೀಸ್’ ಎಲ್ಲಕ್ಕಿಂತ ಸಾಮಾನ್ಯ. ಮೊದಲ ಸಲ ಹೇಳುವಾಗ ಅದಕ್ಕೆ ‘ದ’ ಬೇಡ: ‘ಬ್ರಾಟ್ ಬ್ಯಾಕ್ ಮೆಮೊರೀಸ್’. ಒಂದೇ ಒಂದು ನೆನಪಾದರೆ ‘ಎ ಮೆಮೊರಿ’. ಯಾವುದರ ನೆನಪು ಎಂಬುದಕ್ಕೆ ‘ಆಫ್’ ಬರಬೇಕು. ‘ಬಗ್ಗೆ’ ಎಂದು ಯೋಚಿಸಿ ‘ಮೆಮೊರೀಸ್ ಅಬೌಟ್’ ಎಂದು ಬರೆಯುವವರು ಬಹಳ. ಇಲ್ಲಿ ‘ಮೆಮೊರೀಸ್ ಆಫ್’ ಎಂದೇ ರೂಢಿ ಮಾಡಿಕೊಳ್ಳಿ. ‘ಆಫ್’ ಆದ ಮೇಲೆ ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ರೂಪ: ‘ಮೆಮೊರೀಸ್ ಆಫ್ ಪ್ಲೇಯಿಂಗ್ ಇನ್ ದ ರೇನ್.’ ‘ಹ್ಯಾಪಿ’, ‘ಪೇನ್‌ಫುಲ್’, ‘ಫಾಂಡ್’, ‘ವಿವಿಡ್’ ಎಂಬ ವಿಶೇಷಣಗಳು ಮೆಮೊರೀಸ್ ಜೊತೆ ಚೆನ್ನಾಗಿ ಹೊಂದುತ್ತವೆ. ನೆನಪುಗಳು ಒಮ್ಮೆಗೇ ನುಗ್ಗಿ ಬಂದವು ಎನ್ನಲು ‘ಎ ಫ್ಲಡ್ ಆಫ್ ಮೆಮೊರೀಸ್’ ಇದೆ.

ಕಾಲ, ಭಾವನೆ, ಘಟನೆಗಳನ್ನು ‘ಮೆಮೊರೀಸ್’ ಇಲ್ಲದೆ ನೇರವಾಗಿಯೂ ಇಡಬಹುದು: ‘ಬ್ರಾಟ್ ಬ್ಯಾಕ್ ದೋಸ್ ಡೇಸ್’, ‘ಬ್ರಾಟ್ ಬ್ಯಾಕ್ ದಿ ಓಲ್ಡ್ ಫಿಯರ್.’ ಮನುಷ್ಯರ ಹೆಸರು ಬಂದಾಗ ಮಾತ್ರ ತುಂಬ ಎಚ್ಚರ ಬೇಕು. ‘ದ ಫೋಟೊ ಬ್ರಾಟ್ ಬ್ಯಾಕ್ ಮೈ ಗ್ರ್ಯಾಂಡ್‌ಮದರ್’ ಎಂದರೆ ಅಜ್ಜಿಯೇ ಮರಳಿ ಬಂದಂತಾಗುತ್ತದೆ. ‘ಬ್ರಿಂಗ್ ಸಮ್‌ಒನ್ ಬ್ಯಾಕ್’ ಎಂಬುದಕ್ಕೆ ಸತ್ತವರನ್ನು ಬದುಕಿಸು ಎಂಬ ಅರ್ಥವೂ ಇದೆ. ‘ನಥಿಂಗ್ ವಿಲ್ ಬ್ರಿಂಗ್ ಹಿಮ್ ಬ್ಯಾಕ್’ ಎಂದರೆ ಏನು ಮಾಡಿದರೂ ಅವನು ಮರಳಿ ಬರುವುದಿಲ್ಲ ಎಂದು. ಆದ್ದರಿಂದ ವ್ಯಕ್ತಿಯ ವಿಷಯದಲ್ಲಿ ‘ಬ್ರಾಟ್ ಬ್ಯಾಕ್ ಮೆಮೊರೀಸ್ ಆಫ್ ಮೈ ಗ್ರ್ಯಾಂಡ್‌ಮದರ್’ ಎಂದು ಪೂರ್ತಿ ಹೇಳಿ. ಸಂತಾಪದ ಪತ್ರ ಬರೆಯುವಾಗ ಇದನ್ನು ಮರೆಯಲೇಬೇಡಿ. ಅಂಥ ಪತ್ರದಲ್ಲಿ ಒಂದು ಪದ ಬಿಟ್ಟುಹೋದರೂ ಓದುವವರಿಗೆ ನೋವಾಗಬಹುದು.

‘ಬ್ಯಾಕ್’ ಕೂರುವ ಜಾಗ

‘ಬ್ರಿಂಗ್’ ಮತ್ತು ‘ಬ್ಯಾಕ್’ ಜೊತೆಗೂ ಇರಬಲ್ಲವು, ದೂರವೂ ಆಗಬಲ್ಲವು. ಕರ್ಮ ನಾಮಪದವಾದರೆ ಎರಡೂ ಸರಿ: ‘ಬ್ರಾಟ್ ಬ್ಯಾಕ್ ದ ಮೆಮೊರೀಸ್’, ‘ಬ್ರಾಟ್ ದ ಮೆಮೊರೀಸ್ ಬ್ಯಾಕ್.’ ಕರ್ಮ ಸರ್ವನಾಮವಾದರೆ ಆಯ್ಕೆಯಿಲ್ಲ, ಅದು ನಡುವೆಯೇ ಬರಬೇಕು: ‘ಬ್ರಾಟ್ ದೆಮ್ ಬ್ಯಾಕ್’, ‘ಬ್ರಿಂಗ್ಸ್ ಇಟ್ ಬ್ಯಾಕ್’. ‘ಬ್ರಾಟ್ ಬ್ಯಾಕ್ ದೆಮ್’ ತಪ್ಪು. ‘ಎಲ್ಲ ಮತ್ತೆ ನೆನಪಾಗುತ್ತದೆ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಇಟ್ ಬ್ರಿಂಗ್ಸ್ ಇಟ್ ಆಲ್ ಬ್ಯಾಕ್’ ಎಂಬ ಸಿದ್ಧ ಮಾತೇ ಇದೆ. ಅಲ್ಲಿಯೂ ‘ಇಟ್ ಆಲ್’ ನಡುವೆಯೇ ಇದೆ.

ಕರ್ಮ ಉದ್ದವಾಗಿದ್ದರೆ ‘ಬ್ಯಾಕ್’ ಅನ್ನು ಕ್ರಿಯಾಪದದ ಪಕ್ಕದಲ್ಲೇ ಬಿಡಿ. ‘ಇಟ್ ಬ್ರಾಟ್ ಮೆಮೊರೀಸ್ ಆಫ್ ದ ಸಮರ್ ವಿ ಸ್ಪೆಂಟ್ ಬೈ ದ ಸೀ ಬ್ಯಾಕ್’ ಎಂದರೆ ಕೊನೆಯ ‘ಬ್ಯಾಕ್’ ಬರುವ ಹೊತ್ತಿಗೆ ಓದುವವರು ‘ಬ್ರಾಟ್’ ಮರೆತಿರುತ್ತಾರೆ.

ಲಾಂಗ್‌ಮನ್, ಆಕ್ಸ್‌ಫರ್ಡ್ ಕಲಿಕೆಯ ನಿಘಂಟುಗಳಲ್ಲಿ ಇದನ್ನು ತಿಳಿಸುವ ಒಂದು ಗುರುತಿದೆ. ಕರ್ಮದ ಜಾಗಕ್ಕೂ ‘ಬ್ಯಾಕ್’ಗೂ ನಡುವೆ ಎರಡೂ ಕಡೆ ಮೊನೆಯಿರುವ ಪುಟ್ಟ ಬಾಣ ಹಾಕಿರುತ್ತಾರೆ. ಅವೆರಡು ಜಾಗ ಬದಲಾಯಿಸಬಹುದು ಎಂದು ಅದರ ಅರ್ಥ. ‘ಥಿಂಕ್ ಬ್ಯಾಕ್’ ನೋಡಿದರೆ ಆ ಬಾಣ ಇರುವುದಿಲ್ಲ. ಹೊಸ ಫ್ರೇಸಲ್ ವರ್ಬ್ ಕಲಿಯುವಾಗ ಅರ್ಥಕ್ಕಿಂತ ಮೊದಲು ಆ ಬಾಣವನ್ನು ನೋಡುವ ಅಭ್ಯಾಸ ಒಳ್ಳೆಯದು.

ಕಾಲರೂಪ

ಬ್ರಿಂಗ್, ಬ್ರಾಟ್, ಬ್ರಾಟ್. ‘ಬ್ರಿಂಗ್ಡ್’ ಇಲ್ಲ. ಬರೆಯುವಾಗ ‘ಬಾಟ್’ ಜೊತೆ ಗೊಂದಲ ಬೇಡ: ಅದು ‘ಬೈ’ ಎಂಬುದರ ಭೂತರೂಪ, ಕೊಂಡದ್ದು. ಒಂದು ‘ಆರ್’ ಅಕ್ಷರ ಬಿಟ್ಟುಹೋದರೆ ನೆನಪು ತಂದ ಹಾಡು ನೆನಪನ್ನು ಕೊಂಡುಕೊಂಡಂತಾಗುತ್ತದೆ. ಕೈಬರಹದಲ್ಲಿ ಇದು ಮತ್ತೆ ಮತ್ತೆ ಕಾಣುವ ತಪ್ಪು.

ಪ್ರತಿ ಸಲ ಕೇಳಿದಾಗಲೂ ನೆನಪು ಬರುವುದಾದರೆ ಸರಳ ವರ್ತಮಾನ: ‘ದಿಸ್ ಸಾಂಗ್ ಆಲ್ವೇಸ್ ಬ್ರಿಂಗ್ಸ್ ಬ್ಯಾಕ್ ಮೆಮೊರೀಸ್.’ ಕನ್ನಡದ ‘ತರುತ್ತಿರುತ್ತದೆ’ ಮನಸ್ಸಿನಲ್ಲಿಟ್ಟುಕೊಂಡು ‘ಈಸ್ ಆಲ್ವೇಸ್ ಬ್ರಿಂಗಿಂಗ್’ ಎನ್ನಬೇಡಿ. ಈ ಕ್ಷಣ ಹಾಡು ಕೇಳುತ್ತಾ ನೆನಪುಗಳು ಒಂದೊಂದಾಗಿ ಏಳುತ್ತಿದ್ದರೆ ಮಾತ್ರ ‘ಈಸ್ ಬ್ರಿಂಗಿಂಗ್ ಬ್ಯಾಕ್ ಸೋ ಮೆನಿ ಮೆಮೊರೀಸ್’ ಸರಿ. ಹಿಂದೆ ಪದೇ ಪದೇ ಆಗುತ್ತಿದ್ದುದಕ್ಕೆ, ಅಂದರೆ ನಮ್ಮ ‘ತರುತ್ತಿತ್ತು’ಗೆ, ‘ವುಡ್ ಬ್ರಿಂಗ್ ಬ್ಯಾಕ್’ ಹೊಂದುತ್ತದೆ. ‘ವಾಸ್ ಬ್ರಿಂಗಿಂಗ್ ಬ್ಯಾಕ್’ ಅಲ್ಲ. ‘ಮೆಮೊರೀಸ್ ವರ್ ಬ್ರಾಟ್ ಬ್ಯಾಕ್ ಬೈ ದ ಸಾಂಗ್’ ಎಂಬ ಕರ್ಮಣಿ ವ್ಯಾಕರಣಕ್ಕೆ ಸರಿಯಾದರೂ ಮಾತಿನಲ್ಲಿ ಭಾರ. ಬೇಕೇಬೇಕೆಂಬ ಕಾರಣವಿಲ್ಲದಿದ್ದರೆ ಬಿಡಿ.

ಯಾರಾದರೂ ಹಳೆಯ ಫೋಟೊ ತೋರಿಸಿದಾಗ ಉದ್ಗಾರವಾಗಿ ‘ದಟ್ ಬ್ರಿಂಗ್ಸ್ ಬ್ಯಾಕ್ ಮೆಮೊರೀಸ್!’ ಎನ್ನುತ್ತಾರೆ. ಮುಂದೆ ಏನೂ ಸೇರಿಸಬೇಕಿಲ್ಲ. ಸ್ನೇಹಿತರ ನಡುವೆ ‘ದಟ್’ ಕೂಡ ಬಿಟ್ಟು ‘ಬ್ರಿಂಗ್ಸ್ ಬ್ಯಾಕ್ ಮೆಮೊರೀಸ್, ಡಸಂಟ್ ಇಟ್?’ ಎಂದೂ ಹೇಳುತ್ತಾರೆ.

ನೆನಪಿನ ಹೊರಗಿನ ಅರ್ಥಗಳು

ಮೂಲ ಅರ್ಥ ವಸ್ತುವನ್ನು ಮರಳಿ ತರುವುದು: ‘ಬ್ರಿಂಗ್ ಬ್ಯಾಕ್ ದ ಬುಕ್ ಟುಮಾರೊ.’ ನಿಂತುಹೋದ ಪದ್ಧತಿ, ನಿಯಮ, ಸೇವೆಯನ್ನು ಮತ್ತೆ ಜಾರಿಗೆ ತರುವುದಕ್ಕೂ ಇದೇ ಪದ: ‘ದೆ ಬ್ರಾಟ್ ಬ್ಯಾಕ್ ದಿ ಓಲ್ಡ್ ಟೈಮ್‌ಟೇಬಲ್.’ ಪತ್ರಿಕೆಯ ತಲೆಬರಹಗಳಲ್ಲಿ ಈ ಅರ್ಥವೇ ಹೆಚ್ಚು. ಸತ್ತವರ ವಿಷಯ ಮೇಲೆ ಹೇಳಿದ್ದಾಯಿತು. ಯಾವ ಅರ್ಥ ಎಂದು ತಿಳಿಯಲು ಕರ್ಮವನ್ನು ನೋಡಿದರೆ ಸಾಕು.

‘ಬ್ರಿಂಗ್ ಅಪ್’ ಮಾತ್ರ ಬೇರೆಯೇ. ಅದು ಮಾತಿನ ನಡುವೆ ಒಂದು ವಿಷಯ ಎತ್ತುವುದು, ಇಲ್ಲವೆ ಮಕ್ಕಳನ್ನು ಸಾಕಿ ಬೆಳೆಸುವುದು. ‘ಹಿ ಬ್ರಾಟ್ ಅಪ್ ದಿ ಓಲ್ಡ್ ಫೈಟ್’ ಎಂದರೆ ಹಳೆಯ ಜಗಳದ ಪ್ರಸ್ತಾಪ ಮಾಡಿದ. ಅದರಿಂದ ಕೇಳುವವರಿಗೆ ನೋವಿನ ನೆನಪು ಬಂದರೆ ಆಗ ಅದು ‘ಬ್ರಾಟ್ ಬ್ಯಾಕ್’.

ನೆರೆಯವರ ಜೊತೆ ಗೊಂದಲ

‘ಟೇಕ್ ಬ್ಯಾಕ್’ ಅತ್ಯಂತ ಹತ್ತಿರದ್ದು, ಆದ್ದರಿಂದಲೇ ಅಪಾಯದ್ದು. ‘ಬ್ರಿಂಗ್ ಬ್ಯಾಕ್’ನಲ್ಲಿ ನೆನಪು ಇಲ್ಲಿಗೆ ಬರುತ್ತದೆ, ‘ಟೇಕ್ ಬ್ಯಾಕ್’ನಲ್ಲಿ ಮನುಷ್ಯ ಅಲ್ಲಿಗೆ ಹೋಗುತ್ತಾನೆ. ಹಾಗಾಗಿ ಇದರ ಕರ್ಮ ಮನುಷ್ಯನೇ ಆಗಿರಬೇಕು: ‘ದ ಸ್ಮೆಲ್ ಟೇಕ್ಸ್ ಮಿ ಬ್ಯಾಕ್ ಟು ಮೈ ಚೈಲ್ಡ್‌ಹುಡ್.’ ‘ಟೇಕ್ಸ್ ಬ್ಯಾಕ್ ಮೆಮೊರೀಸ್’ ಎನ್ನುವಂತಿಲ್ಲ. ಉದ್ಗಾರಕ್ಕೆ ‘ದಟ್ ಟೇಕ್ಸ್ ಮಿ ಬ್ಯಾಕ್!’ ಸಾಕು. ‘ಐ ಟೇಕ್ ಇಟ್ ಬ್ಯಾಕ್’ ಮಾತ್ರ ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು. ಇನ್ನೂ ಒಂದಿದೆ: ‘ಐ ವಾಸ್ ಟೇಕನ್ ಅಬ್ಯಾಕ್.’ ಕಿವಿಗೆ ಒಂದೇ ತರಹ ಕೇಳಿಸಿದರೂ ಇದರ ಅರ್ಥ ಅವಾಕ್ಕಾದೆ, ಬೆಚ್ಚಿಬಿದ್ದೆ ಎಂದು. ನೆನಪಿಗೂ ಇದಕ್ಕೂ ಸಂಬಂಧವಿಲ್ಲ.

‘ಕಮ್ ಬ್ಯಾಕ್’ ನಮ್ಮ ‘ನೆನಪಾಗು’ವಿಗೆ ಎಲ್ಲಕ್ಕಿಂತ ಸಮೀಪ. ‘ನನಗೆ’ ಇಲ್ಲಿ ‘ಟು ಮಿ’ ಆಗಿ ಉಳಿಯುತ್ತದೆ: ‘ಸಡನ್ಲಿ ಇಟ್ ಆಲ್ ಕೇಮ್ ಬ್ಯಾಕ್ ಟು ಮಿ.’ ನಾಲಿಗೆಯ ತುದಿಯಲ್ಲಿರುವ ಹೆಸರು ಬಾರದಿದ್ದಾಗ ‘ಇಟ್ ವಿಲ್ ಕಮ್ ಬ್ಯಾಕ್ ಟು ಮಿ.’ ನಿಧಾನವಾಗಿ ಹೊಳೆಯುತ್ತಿದ್ದರೆ ‘ಇಟ್ಸ್ ಕಮಿಂಗ್ ಬ್ಯಾಕ್ ಟು ಮಿ ನೌ.’ ಬಿಟ್ಟುಹೋದ ಕೌಶಲ ಕೈಗೆ ಮರಳುವುದಕ್ಕೂ ಇದನ್ನೇ ಬಳಸುತ್ತಾರೆ. ವರ್ಷಗಟ್ಟಲೆ ಸೈಕಲ್ ಮುಟ್ಟದವರಿಗೆ ‘ಇಟ್ ವಿಲ್ ಕಮ್ ಬ್ಯಾಕ್ ಟು ಯೂ’ ಎಂದು ಧೈರ್ಯ ಹೇಳಬಹುದು.

‘ಥಿಂಕ್ ಬ್ಯಾಕ್’ಗೆ ಬೇಕೆಂದೇ ನೆನಪಿಸಿಕೊಳ್ಳುವ ಮನುಷ್ಯ ಬೇಕು, ಮುಂದೆ ‘ಟು’ ಅಥವಾ ‘ಆನ್’ ಬೇಕು: ‘ಥಿಂಕ್ ಬ್ಯಾಕ್ ಟು ಲಾಸ್ಟ್ ವೀಕ್ಸ್ ಲೆಸನ್.’ ‘ಥಿಂಕ್ ಬ್ಯಾಕ್ ಮೈ ಚೈಲ್ಡ್‌ಹುಡ್’ ಎಂದು ‘ಟು’ ನುಂಗಿದರೆ ತಪ್ಪು. ‘ಲುಕ್ ಬ್ಯಾಕ್ ಆನ್’ ಅದರಂತೆಯೇ, ಆದರೆ ಅಲ್ಲಿ ಅಳೆದು ನೋಡುವ, ತೂಗಿ ನೋಡುವ ಭಾವ ಸೇರುತ್ತದೆ: ‘ಶಿ ಲುಕ್ಸ್ ಬ್ಯಾಕ್ ಆನ್ ದೋಸ್ ಇಯರ್ಸ್ ವಿತ್ ಪ್ರೈಡ್.’ ‘ನೆವರ್ ಲುಕ್ಡ್ ಬ್ಯಾಕ್’ ಎಂದರೆ ಹಳೆಯದನ್ನು ನೆನೆಯಲಿಲ್ಲ ಎಂದಲ್ಲ, ಅಲ್ಲಿಂದಾಚೆಗೆ ಏಳಿಗೆಯೇ ಆಯಿತು ಎಂದು.

ಇನ್ನು ‘ರಿಮೈಂಡ್’. ಇದು ಫ್ರೇಸಲ್ ವರ್ಬ್ ಅಲ್ಲ, ಆದರೆ ಕೆಲಸದ ನೆನಪಿಗೆ ಇದೇ ಬೇಕು. ‘ಅಲಾರಾಂ ನನಗೆ ಮಾತ್ರೆ ನೆನಪಿಸಿತು’ ಎಂಬಲ್ಲಿ ‘ಬ್ರಾಟ್ ಬ್ಯಾಕ್’ ಹೊಂದುವುದೇ ಇಲ್ಲ. ‘ದಿ ಅಲಾರ್ಮ್ ರಿಮೈಂಡೆಡ್ ಮಿ ಟು ಟೇಕ್ ದ ಟ್ಯಾಬ್ಲೆಟ್’ ಎನ್ನಬೇಕು. ‘ಬ್ರಿಂಗ್ ಬ್ಯಾಕ್’ ಕಳೆದುಹೋದದ್ದಕ್ಕೆ ಮಾತ್ರ, ಮುಂದೆ ಮಾಡಬೇಕಾದ್ದಕ್ಕೆ ಅಲ್ಲ. ಒಬ್ಬರನ್ನು ನೋಡಿ ಅವರನ್ನು ಹೋಲುವ ಇನ್ನೊಬ್ಬರು ನೆನಪಾದರೂ ‘ರಿಮೈಂಡ್ಸ್ ಮಿ ಆಫ್’. ‘ರಿಮೈಂಡ್’ಗೆ ಯಾರಿಗೆ ಎಂಬುದು ಸಾಮಾನ್ಯವಾಗಿ ಬೇಕು, ‘ಬ್ರಿಂಗ್ ಬ್ಯಾಕ್’ಗೆ ಬೇಡ.

ಇನ್ನೆರಡು ತಪ್ಪುಗಳು. ‘ರಿಕಾಲ್ ಬ್ಯಾಕ್’ ಎಂದು ಸೇರಿಸಬೇಡಿ; ‘ರಿ’ ಎಂಬಲ್ಲೇ ‘ಮತ್ತೆ’ ಎಂಬ ಅರ್ಥ ಬಂದಾಯಿತು. ‘ರಿಟರ್ನ್ ಬ್ಯಾಕ್’ ಕೂಡ ಇದೇ ಜಾತಿ. ನೆನಪಿಸಿಕೊಂಡೆ ಎನ್ನಲು ‘ಮೆಮೊರೈಸ್ಡ್’ ಬಳಸುವವರೂ ಇದ್ದಾರೆ. ಅದು ಬಾಯಿಪಾಠ ಮಾಡುವುದು.

ಉಚ್ಚಾರ

‘ಬ್ರಿಂಗ್’ ಎಂದು ಕನ್ನಡದಲ್ಲಿ ಬರೆದರೂ ಕೊನೆಯಲ್ಲಿ ‘ಗ್’ ಒತ್ತಬೇಡಿ. ನಮ್ಮ ವರ್ಣಮಾಲೆಯ ‘ಙ’ ಅಲ್ಲಿ ಸರಿಯಾಗಿ ಕೂರುತ್ತದೆ: ‘ಬ್ರಿಙ್’. ‘ಬ್ರಿಂಗ್ ಇಟ್ ಬ್ಯಾಕ್’ ವೇಗದ ಮಾತಿನಲ್ಲಿ ‘ಬ್ರಿಙಿಟ್ ಬ್ಯಾಕ್’ ಆಗುತ್ತದೆ. ಸರ್ವನಾಮ ನಡುವೆ ಬಂದಾಗ ಒತ್ತು ‘ಬ್ಯಾಕ್’ ಮೇಲೆ ಬೀಳಬೇಕು, ‘ಇಟ್’ ಮೇಲೆ ಅಲ್ಲ. ನಾಮಪದ ಕೊನೆಗೆ ಬಂದರೆ ಒತ್ತು ಸಾಮಾನ್ಯವಾಗಿ ಅದಕ್ಕೆ ಹೋಗುತ್ತದೆ: ‘ಬ್ರಾಟ್ ಬ್ಯಾಕ್ ಮೆಮೊರೀಸ್’ ಎಂಬಲ್ಲಿ ‘ಮೆ’ ಮೇಲೆ.

ಕೈ ಪಳಗಿಸಲು

ಮುಂದಿನ ವಾಕ್ಯಗಳನ್ನು ಮೊದಲು ನೀವೇ ಇಂಗ್ಲಿಷಿಗೆ ತಂದು, ಆಮೇಲೆ ಉತ್ತರ ನೋಡಿ. ಪ್ರತಿಯೊಂದರಲ್ಲೂ ಮೊದಲ ಪ್ರಶ್ನೆ ಕರ್ತೃ ಯಾರು ಎಂಬುದೇ.

‘ಹಳೆಯ ಪತ್ರಗಳನ್ನು ಓದಿ ಅವಳಿಗೆ ಕಾಲೇಜಿನ ದಿನಗಳು ನೆನಪಾದವು.’ ಓದಿದ್ದೇ ಕಾರಣ, ಆದ್ದರಿಂದ ‘ರೀಡಿಂಗ್ ದಿ ಓಲ್ಡ್ ಲೆಟರ್ಸ್ ಬ್ರಾಟ್ ಬ್ಯಾಕ್ ಹರ್ ಕಾಲೇಜ್ ಡೇಸ್.’

‘ಅವರ ಹೆಸರು ಈಗ ನೆನಪಾಗುತ್ತಿಲ್ಲ, ಆಮೇಲೆ ನೆನಪಾಗುತ್ತದೆ.’ ಎಬ್ಬಿಸಿದ ವಸ್ತು ಇಲ್ಲಿಲ್ಲ. ‘ಐ ಕಾಂಟ್ ರಿಮೆಂಬರ್ ಹಿಸ್ ನೇಮ್ ನೌ, ಬಟ್ ಇಟ್ ವಿಲ್ ಕಮ್ ಬ್ಯಾಕ್ ಟು ಮಿ.’

‘ಬಿಲ್ ಕಟ್ಟುವುದನ್ನು ನೆನಪಿಸು.’ ಮುಂದಿನ ಕೆಲಸ. ‘ರಿಮೈಂಡ್ ಮಿ ಟು ಪೇ ದ ಬಿಲ್.’

‘ಹಿಂತಿರುಗಿ ನೋಡಿದರೆ ಆ ನಿರ್ಧಾರ ಸರಿಯಾಗಿಯೇ ಇತ್ತು.’ ತೂಗಿ ನೋಡುವ ಮಾತು. ‘ಲುಕಿಂಗ್ ಬ್ಯಾಕ್, ಇಟ್ ವಾಸ್ ದ ರೈಟ್ ಡಿಸಿಷನ್.’ ಮೊದಲಿನ ‘ಇಂಗ್’ ಭಾಗದ ನಿಯಮ ಇಲ್ಲಿ ಮುರಿದಂತೆ ಕಾಣುತ್ತದೆ. ಆದರೆ ‘ಲುಕಿಂಗ್ ಬ್ಯಾಕ್’, ‘ಥಿಂಕಿಂಗ್ ಬ್ಯಾಕ್’ ಎರಡೂ ರೂಢಿಯಲ್ಲಿ ಗಟ್ಟಿಯಾದ ಮಾತುಗಳು, ಯಾರೂ ಇವನ್ನು ತಪ್ಪೆನ್ನುವುದಿಲ್ಲ.

‘ಅವರ ಮುಂದೆ ಆ ಅಪಘಾತದ ವಿಷಯ ಎತ್ತಬೇಡ, ಎಲ್ಲ ಮತ್ತೆ ನೆನಪಾಗುತ್ತದೆ.’ ಇದರಲ್ಲಿ ಎರಡು ಕ್ರಿಯಾಪದಗಳಿವೆ, ಎರಡೂ ‘ಬ್ರಿಂಗ್’ನಿಂದಲೇ ಬರುತ್ತವೆ: ‘ಡೋಂಟ್ ಬ್ರಿಂಗ್ ಅಪ್ ದಿ ಆಕ್ಸಿಡೆಂಟ್ ಇನ್ ಫ್ರಂಟ್ ಆಫ್ ದೆಮ್. ಇಟ್ ವಿಲ್ ಬ್ರಿಂಗ್ ಇಟ್ ಆಲ್ ಬ್ಯಾಕ್.’